ನಗಿಸುವವನ ತೋಳಿಗೊಂದು ಪಟ್ಟಿ

ಯುದ್ಧ ಮುಗಿಸಿ ಊರಿಗೆ ಬಂದ ಸಿಪಾಯಿಗೆ ಜನ ಏನು ಕೇಳಬೇಕು? ಎಲ್ಲಿದ್ದಿ, ಏನು ಉಂಡಿ, ಹೆಂಗ ಉಳಿದಿ, ಇಂಥದ್ದೇನಾದರೂ ಕೇಳಬಹುದು. ನಮ್ಮ ಕಡೆ ಅದನ್ನೆಲ್ಲ ಕೇಳುವುದಿಲ್ಲ. ನಮ್ಮ ಕಡೆಯ ಪ್ರಶ್ನೆ ಒಂದೇ.

"ತೋಳಿಗೆ ಎಷ್ಟ ಪಟ್ಟಿ ಬಿದ್ದುವ್ರಿ?"

ಹೋದ ವಾರ ಕೊಪ್ಪಳದಿಂದ ಕುಷ್ಟಗಿಗೆ ಹೊರಟ ಸರ್ವಿಸ್ ಮೋಟಾರಿನಲ್ಲಿ ಇದನ್ನು ಕೇಳಿದವರು ಪಕ್ಕದಲ್ಲಿ ಕುಳಿತಿದ್ದ ಜವಳಿ ಸಾವಕಾರರು. (ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಮೋಟಾರು. ಏರು ಬಂದರೆ ಇಳಿದು ನಡೆಯಬೇಕು. ಟಿಕೆಟ್ಟಿನ ರೇಟು ಮಾತ್ರ ಕುಳಿತವರಿಗೂ ನಡೆದವರಿಗೂ ಒಂದೇ.)

"ಒಂದೂ ಇಲ್ಲರಿ" ಅಂದೆ.

"ಇಡೀ ಲಡಾಯಿ ಮುಗಿಸಿ ಬಂದ್ರಿ. ಒಂದೂ ಇಲ್ಲೇನು?"

"ಕೊಡ್ತೀವಿ ಅಂದಿದ್ರು. ನಾನ ಒಲ್ಲೆ ಅಂದೆ."

ಸಾವಕಾರರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಚೀಲ ನೋಡಿದರು. ಆಮೇಲೆ ತಮ್ಮ ಬಟ್ಟೆ ಗಂಟನ್ನು ನನ್ನ ಕಡೆಯಿಂದ ಎತ್ತಿ ಆಚೆ ಕಡೆ ಇಟ್ಟುಕೊಂಡರು. ಅವರ ತಪ್ಪಲ್ಲ. ಬಡ್ತಿ ಬೇಡ ಅಂದವನ ಮೇಲೆ ಯಾರಿಗಾದರೂ ಸಂಶಯ ಬರುತ್ತದೆ. ಏನು ಮಾಡಿರಬಹುದು ಇವನು? ಕದ್ದನೇ? ಓಡಿಹೋದನೇ?

ಅಷ್ಟರಲ್ಲಿ ಮುಂದೆ ಕುಳಿತ ಡ್ರೈವರ್ ನಕ್ಕ. ಮೂಗಿನಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ನಗು. ಬೆನ್ನು ಮಾತ್ರ ಕಾಣುತ್ತಿತ್ತು. ಆದರೂ ಗುರುತು ಹತ್ತಿತು. ಅದು ಕನಕಗಿರಿಯ ಫಕೀರಪ್ಪ.

ಪಲ್ಟನ್ನಿನ ಸುದ್ದಿಯನ್ನು ಈ ಅಂಕಣದಲ್ಲಿ ನಾನು ಹೆಚ್ಚು ಎತ್ತುವುದಿಲ್ಲ ಎಂಬುದು ನಿಮಗೆ ಗೊತ್ತು. ಈ ವಾರ ಎತ್ತಲೇಬೇಕು.

ನಾವು ಮೂವರು ಒಂದೇ ಟೆಂಟಿನಲ್ಲಿದ್ದೆವು. ಕನಕಗಿರಿಯ ಫಕೀರಪ್ಪ, ಕುಷ್ಟಗಿಯ ವೆಂಕೋಬ, ಮತ್ತು ನಾನು. (ಅಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಯಲಬುರ್ಗಿ ಅಂದರೆ ನಾನು ಓ ಅನ್ನಬೇಕು.) ನಮ್ಮದು ಲಾರಿ ಕಂಪನಿ. ಬರ್ಮಾ ಗಡಿಯ ಗುಡ್ಡಗಳಲ್ಲಿ ಅಕ್ಕಿ, ಹಿಟ್ಟು, ಮದ್ದುಗುಂಡು ಸಾಗಿಸುವುದು ಕೆಲಸ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ, ನಡುವೆ ರಸ್ತೆ ಅಂತ ಕರೆಯುವ ಕೆಸರು. ಜೋಳದ ಹೊಲ ಬಿಟ್ಟರೆ ಬೇರೆ ನೆಲ ನೋಡದ ನಮಗೆ ಆ ಮಳೆ ನೋಡಿಯೇ ಜ್ವರ ಬರುತ್ತಿತ್ತು.

ಒಂದು ದಿನ ನಮ್ಮ ಮುಂದಿನ ಲಾರಿ ಕಣಿವೆಗೆ ಹೋಯಿತು. ಅದರಲ್ಲಿದ್ದ ಇಬ್ಬರೂ ಹೋದರು. ಆ ಸಂಜೆ ಯಾರೂ ರೊಟ್ಟಿ ಮುಟ್ಟಲಿಲ್ಲ. ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆವು. ಫಕೀರಪ್ಪ ತನ್ನ ತಾಟಿನೊಳಗೆ ಇಣುಕಿ ನೋಡಿ, ಗಂಭೀರವಾಗಿ ಹೇಳಿದ:

"ಬ್ಯಾಳಿ ಕಡಿಮಿ ಆಗಿಲ್ರೋ. ನೀರಿಗೆ ಪ್ರಮೋಷನ್ ಸಿಕ್ಕೈತಿ."

ಯಾರೋ ಒಬ್ಬ ನಕ್ಕ. ಆಮೇಲೆ ಎಲ್ಲರೂ. ಅಳುವಷ್ಟು ನಕ್ಕು, ಕೊನೆಗೆ ಉಂಡೆವು. ಹೀಗೆ ನಮ್ಮನ್ನು ಉಣ್ಣಿಸುತ್ತಿದ್ದವನು ಅಡುಗೆಯವನಲ್ಲ, ಫಕೀರಪ್ಪ.

ವೆಂಕೋಬನ ಜಾತಿಯೇ ಬೇರೆ. ಬೂಟಿಗೆ ಪಾಲಿಶ್, ಬಕಲ್‌ಗೆ ಪಾಲಿಶ್, ಮಾತಿಗೂ ಪಾಲಿಶ್. ತೋಳಿಗೆ ಒಂದು ಪಟ್ಟಿ ಬೀಳಬೇಕು, ಲ್ಯಾನ್ಸ್ ನಾಯಕ ಆಗಬೇಕು, ಅದನ್ನು ಹೊಲಿಸಿಕೊಂಡೇ ಕುಷ್ಟಗಿಯಲ್ಲಿ ಇಳಿಯಬೇಕು. ಅವನ ತಾಯಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವುದರೊಳಗೆ ಮಗನನ್ನು ಪಟ್ಟಿಯ ಸಮೇತ ನೋಡಲಿ ಎಂಬುದು ಅವನ ಆಸೆ. ರಜೆಯೂ ಮಂಜೂರಾಗಿತ್ತು. (ನನಗೂ ಪಟ್ಟಿ ಬೇಕಾಗಿತ್ತು. ಯಾರಿಗೆ ಬೇಡ?)

ಇನ್ನು ನಮ್ಮ ಸುಬೇದಾರ ಸಾಹೇಬ. ಉತ್ತರದ ಕಡೆಯ ಮನುಷ್ಯ, ಗಟ್ಟಿ ಆಳು. ಒಂದೇ ದೋಷ. ಏನಾದರೂ ತಪ್ಪಾಗಿದೆ ಅಂತ ಬಾಯಿಬಿಟ್ಟು ಒಪ್ಪಿದವನಲ್ಲ. ಲಾರಿ ಅಚ್ಚಿನ ತನಕ ಕೆಸರಲ್ಲಿ ಹೂತಿದ್ದರೂ, "ಸಿಕ್ಕಿಕೊಂಡಿಲ್ಲ, ನಿಂತಿದೆ" ಅನ್ನುತ್ತಿದ್ದ. (ಮಾತು ಹಿಂದುಸ್ತಾನಿಯಲ್ಲಿ. ನಮ್ಮೂರ ಸಾಲಿಗಳಲ್ಲಿ ಉರ್ದು ಹೊಡೆದು ಕಲಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು.)

ಒಂದು ಸಂಜೆ ಅಡುಗೆ ಟೆಂಟಿನ ಹಿಂದೆ ಫಕೀರಪ್ಪ ತುಪ್ಪದ ಡಬ್ಬಿ ಮಗುಚಿ ಹಾಕಿ ಅದರ ಮೇಲೆ ನಿಂತ. ಟವೆಲ್ಲೇ ತಲೆಗೆ ಪಟಗ, ಸೌಟೇ ಕೈಗೆ ಬೆತ್ತ. ಸುಬೇದಾರನ ದನಿಯಲ್ಲಿ ಹಾಜರಿ ಶುರು ಮಾಡಿದ. "ಸಿಪಾಯಿಗೆ ಜ್ವರ ಬಂದಿಲ್ಲ, ಬಿಸಿಯಾಗಿದ್ದಾನೆ. ಟೆಂಟು ಸೋರುತ್ತಿಲ್ಲ, ಸ್ನಾನ ಮಾಡಿಸುತ್ತಿದೆ." ನಾವು ನೆಲ ಬಡಿದು ನಗುತ್ತಿದ್ದೆವು.

ನಗು ಹಿಂದಿನ ಸಾಲಿನಿಂದ ನಿಲ್ಲುತ್ತಾ ಬಂತು. ತಿರುಗಿ ನೋಡಿದರೆ ಲಾರಿಯ ಮರೆಯಲ್ಲಿ ಸುಬೇದಾರ ನಿಂತಿದ್ದಾನೆ.

ಆ ಹೊತ್ತಿಗೆ ಆ ಕಡೆ ಅವನಿಗೆ ಏನು ಕೆಲಸ? ಅವನ ಟೆಂಟು ಇದ್ದದ್ದು ಕ್ಯಾಂಪಿನ ಆ ತುದಿಯಲ್ಲಿ. ಯಾರಾದರೂ ಹೋಗಿ ಕರೆದು ತಂದರೇ?

ಎಲ್ಲರೂ ಎದ್ದು ನೆಟ್ಟಗೆ ನಿಂತೆವು. ಸುಬೇದಾರ ಬೈಯಲಿಲ್ಲ. ನಕ್ಕ. ಚೆನ್ನಾಗಿಯೇ ನಕ್ಕ. "ಶಾಬಾಷ್" ಅಂದ. ನಗುತ್ತಲೇ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಬಾಯಿ ನಗುತ್ತಿತ್ತು, ಕಣ್ಣು ಹಾಜರಿ ತೆಗೆದುಕೊಳ್ಳುತ್ತಿತ್ತು.

ಮರುದಿನ ಶಿಕ್ಷೆ ಬರುತ್ತದೆ ಅಂದುಕೊಂಡೆವು. ಬೆನ್ನಿಗೆ ಭಾರ ಕಟ್ಟಿ ಓಡಿಸುತ್ತಾರೆ ಅಂದುಕೊಂಡೆವು. ಏನೂ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ಪರೇಡಿನಲ್ಲಿ ಸುಬೇದಾರ ಹೊಸ ಲ್ಯಾನ್ಸ್ ನಾಯಕನ ಹೆಸರು ಓದಿದ.

ಫಕೀರಪ್ಪ.

ಎಲ್ಲರಿಗಿಂತ ಹೆಚ್ಚು ಬೆರಗಾದವನು ಫಕೀರಪ್ಪನೇ. ಅಥವಾ ಬೆರಗಾದಂತೆ ಮಾಡಿದನೇ? ಹೀಗೆ ಕೇಳಿದವನು ವೆಂಕೋಬ. ಟೆಂಟಿಗೆ ಬಂದು ಬೂಟು ಬಿಚ್ಚುತ್ತಾ ಹೇಳಿದ:

"ಯಲಬುರ್ಗಿ, ನೀ ಹೇಳು. ಸಾಹೇಬನ್ನ ಅಣಕಿಸಿದವಗ ಯಾರರೆ ಪಟ್ಟಿ ಕೊಡ್ತಾರೇನು? ಅಂವಾ ಮೊದಲಿಂದ ಸಾಹೇಬನ ಮನಶ್ಯಾನ ಅದಾನ. ನಮ್ಮನ್ನ ನಗಸೂದು, ಯಾರ್ಯಾರು ನಗತಾರ ನೋಡೂದು, ಹೋಗಿ ಹೇಳೂದು."

"ಹಂಗ ಇರಲಿಕ್ಕಿಲ್ಲ" ಅಂದೆ. ಅಂದೆ ಅಷ್ಟೇ. ಆ ಮಾತು ಕಿವಿಗೆ ಬಿದ್ದ ಮೇಲೆ ಫಕೀರಪ್ಪನ ಜೋಕು ಮೊದಲಿನಂತೆ ಕೇಳಿಸಲಿಲ್ಲ. ಅವನು ಬಾಯಿ ತೆರೆದರೆ ಸಾಕು, ನಾವು ಮೊದಲು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ನಗಬೇಕೋ ಬೇಡವೋ? ಲ್ಯಾನ್ಸ್ ನಾಯಕನ ಜೋಕಿಗೆ ನಕ್ಕರೆ ಬಾಲ ಅಲ್ಲಾಡಿಸಿದಂತೆ. ನಗದಿದ್ದರೆ ಹೊಟ್ಟೆಕಿಚ್ಚು ಅಂದಾರು. ಅದರ ಮೇಲೆ ಯಾರು ಕಕ್ಕಸಿನ ಗುಂಡಿ ತೋಡಬೇಕು, ಯಾರು ಮಳೆಯಲ್ಲಿ ಲಾರಿ ಕಾಯಬೇಕು ಎಂದು ಹೇಳುವವನೂ ಈಗ ಅವನೇ. ಬೆಳಿಗ್ಗೆ ಗುಂಡಿ ತೋಡಿಸಿದವನ ಜೋಕಿಗೆ ಸಂಜೆ ನಗು ಬರುತ್ತದೆಯೇ?

ಇನ್ನೊಂದು ಸಂಗತಿಯೂ ಎಲ್ಲರ ಕಣ್ಣಿಗೆ ಬಿತ್ತು. ಸಂಜೆಯಾದರೆ ಸುಬೇದಾರನ ಟೆಂಟಿನಿಂದ ಫಕೀರಪ್ಪನಿಗೆ ಕರೆ ಬರುತ್ತಿತ್ತು. ಅಲ್ಲಿ ಚಹಾ. ಅಲ್ಲಿಂದ ಸಾಹೇಬನ ನಗು ಇಡೀ ಕ್ಯಾಂಪಿಗೆ ಕೇಳಿಸುತ್ತಿತ್ತು. ಏನು ಹೇಳಿ ನಗಿಸುತ್ತಿದ್ದಾನೆ ಇವನು?

ಅದು ಗೊತ್ತಾದದ್ದು ವೆಂಕೋಬನಿಗೆ ಆದದ್ದರಿಂದ. ಒಮ್ಮೆ ವೆಂಕೋಬನಿಗೆ ಮಲೇರಿಯಾ ಜ್ವರ ನೆತ್ತಿಗೇರಿತ್ತು. ಪಹರೆಯ ಮೇಲಿದ್ದವನು ಲಾರಿಯ ಗಾಲಿಗೆ ಒರಗಿ ನಿದ್ದೆ ಹೋಗಿದ್ದ. ಪಹರೆಯಲ್ಲಿ ನಿದ್ದೆ ಅಂದರೆ ಯುದ್ಧದ ಕಾಲದಲ್ಲಿ ಸಣ್ಣ ತಪ್ಪಲ್ಲ. ಫಕೀರಪ್ಪನೂ ನಾನೂ ಅವನನ್ನು ಎಬ್ಬಿಸಲು ಹೋದಾಗ, ಕಣ್ಣು ಮುಚ್ಚಿಕೊಂಡೇ ಎದ್ದು ಎದುರಿಗೆ ಕಟ್ಟಿದ್ದ, ಸಾಮಾನು ಹೊರುವ ಹೇಸರಗತ್ತೆಗೆ ಸೆಲ್ಯೂಟ್ ಹೊಡೆದ. ಅವನನ್ನು ಮಲಗಿಸಿ, ಅವನ ಪಹರೆಯನ್ನು ಫಕೀರಪ್ಪನೇ ಮುಗಿಸಿದ. ಈ ವಿಷಯ ನಮ್ಮ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ವೆಂಕೋಬ ರಜೆಯ ಮೇಲೆ ಊರಿಗೆ ಹೊರಡಬೇಕಿದ್ದ ಹಿಂದಿನ ದಿನ, ಪರೇಡಿನಲ್ಲಿ ಸುಬೇದಾರ ಅವನ ಎದುರು ನಿಂತ. ದನಿ ಏರಿಸಲೂ ಇಲ್ಲ.

"ನಿದ್ದೆಯಲ್ಲಿ ಹೇಸರಗತ್ತೆಗೆ ಸೆಲ್ಯೂಟ್ ಹೊಡೆಯುವ ಸಿಪಾಯಿಗೆ ರಜೆ ಬೇಕೇ? ಅವನು ಇಲ್ಲಿಯೇ ಮಲಗಲಿ."

ರಜೆ ರದ್ದಾಯಿತು. ಕಪ್ತಾನನ ತನಕ ಸುದ್ದಿ ಒಯ್ಯುವುದಿಲ್ಲ, ಅದೇ ದೊಡ್ಡ ಉಪಕಾರ ಅಂತಲೂ ಸುಬೇದಾರ ಹೇಳಿದ. ವೆಂಕೋಬ ಟೆಂಟಿಗೆ ಬಂದು, ಕಟ್ಟಿಟ್ಟ ಟ್ರಂಕಿನಿಂದ ಒಂದೊಂದೇ ಅರಿವೆ ತೆಗೆದು ಮತ್ತೆ ಗೂಟಕ್ಕೆ ಹಾಕಿದ. ಫಕೀರಪ್ಪ ಬಾಗಿಲಲ್ಲಿ ಬಂದು ನಿಂತ. ವೆಂಕೋಬ ತಿರುಗಿಯೂ ನೋಡದೆ ಇಷ್ಟೇ ಅಂದ:

"ಭಾಳ ನಕ್ಕನೇನು ಸಾಹೇಬ?"

ಫಕೀರಪ್ಪ ಹೊರಟುಹೋದ.

ಸ್ವಲ್ಪ ದಿನಕ್ಕೆ ಇಂಗ್ಲಿಷ್ ಕಪ್ತಾನ ಇನ್ಸ್‌ಪೆಕ್ಷನ್ನಿಗೆ ಬಂದ. ಇಡೀ ಕಂಪನಿ ಸಾಲುಗಟ್ಟಿ ನಿಂತಿತ್ತು. ತನ್ನ ಸಾಲಿನ ರಿಪೋರ್ಟ್ ಕೊಡುವ ಸರದಿ ಫಕೀರಪ್ಪನಿಗೆ ಬಂತು. ಒಂದು ಹೆಜ್ಜೆ ಮುಂದೆ ಬಂದ, ಸೆಲ್ಯೂಟ್ ಹೊಡೆದ, ಬಾಯಿ ತೆರೆದ. ಬಂದದ್ದು ಸುಬೇದಾರನ ದನಿ. ಗತ್ತು, ಎಳೆತ, ಎಲ್ಲ ಹಾಗೆಯೇ.

"ಕಂಪನಿ ಸಿಕ್ಕಿಕೊಂಡಿಲ್ಲ, ಸಾಹೇಬ. ನಿಂತಿದೆ. ಸಿಪಾಯಿಯ ರಜೆ ರದ್ದಾಗಿಲ್ಲ. ಅವನ ತಾಯಿ ಅಲ್ಲಿ ಕುರುಡಾಗುತ್ತಿಲ್ಲ, ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಾಳೆ."

ಅಷ್ಟು ಪಕ್ಕಾ ಅಣಕು ಅವನು ಹಿಂದೆಂದೂ ಮಾಡಿರಲಿಲ್ಲ. ಒಬ್ಬನೂ ನಗಲಿಲ್ಲ.

ಹೆದರಿ ನಗಲಿಲ್ಲ ಅಂದುಕೊಳ್ಳಬೇಡಿ. ಹೆದರಿಕೆಯಿದ್ದರೂ ಸಿಪಾಯಿಯ ಹೊಟ್ಟೆಯೊಳಗೆ ನಗು ಅಲ್ಲಾಡುತ್ತದೆ. ಅವತ್ತು ಅದೂ ಇಲ್ಲ. ಇಡೀ ಸಾಲು ಒಂದೇ ಯೋಚನೆ ಮಾಡುತ್ತಿತ್ತು. ಇದೂ ಒಂದು ಬಲೆಯೇ? ಈಗ ನಕ್ಕವರ ಗತಿ ಏನು? ಒಬ್ಬ ಮನುಷ್ಯ ತನ್ನ ಪಟ್ಟಿಯನ್ನು ಕೈಯಾರೆ ಬೆಂಕಿಗೆ ಹಾಕುತ್ತಿದ್ದಾನೆ, ನಾವು ಅದರಲ್ಲಿ ಮೋಸ ಹುಡುಕುತ್ತಿದ್ದೇವೆ.

ಕಪ್ತಾನನಿಗೆ ಅರ್ಥವಾಗಲಿಲ್ಲ. ಸುಬೇದಾರನಿಗೆ ಆಯಿತು. ಆ ಸಂಜೆಯೇ ಪಟ್ಟಿ ಬಿಚ್ಚಿಸಿ ಫಕೀರಪ್ಪನನ್ನು ಕೈದಿನಲ್ಲಿಟ್ಟರು. ಆಮೇಲೆ ಬೇರೆ ಕಂಪನಿಗೆ ಅಟ್ಟಿದರು. ವೆಂಕೋಬನ ರಜೆಯೇನೂ ವಾಪಸ್ ಬರಲಿಲ್ಲ. ಯುದ್ಧ ಮುಗಿದು ಅವನು ಕುಷ್ಟಗಿಗೆ ಹೋದಾಗ ತಾಯಿ ಅವನ ಮುಖವನ್ನು ಬೆರಳಿಂದ ಸವರಿ, "ಭಾಳ ಸೊರಗಿ" ಅಂದಳಂತೆ.

ಖಾಲಿಯಾದ ಪಟ್ಟಿಗೆ ಸುಬೇದಾರ ನನ್ನನ್ನು ಕರೆದ. ಕೂತ್ಕೋ ಅಂದ. ಚಹಾ ತರಿಸಿದ. "ನಿನ್ನ ಟೆಂಟಿನ ಹುಡುಗರು ಈಗೇನು ಮಾತಾಡುತ್ತಾರೆ? ನಗುತ್ತಾರೋ ಇಲ್ಲವೋ?" ಅಂತ ಬಹಳ ಪ್ರೀತಿಯಿಂದ ಕೇಳಿದ. ಚಹಾ ಒಳ್ಳೆಯದಿತ್ತು, ಹಾಲು ಸಕ್ಕರೆ ಎರಡೂ ಜೋರು. ನನಗೆ ಆರ್ಡರ್ ಕೊಡುವ ಗಂಟಲಿಲ್ಲ ಸಾಹೇಬ, ಪಟ್ಟಿ ಬೇಡ ಅಂದೆ. ಅದು ಬೇರೆ ಟೆಂಟಿನ ಒಬ್ಬನಿಗೆ ಹೋಯಿತು. ಅವನು ನಕ್ಕದ್ದನ್ನು ನಾನಂತೂ ಒಮ್ಮೆಯೂ ನೋಡಿರಲಿಲ್ಲ.

ನಗಿಸುವವನ ಬಾಯಿ ಮುಚ್ಚಿಸಲು ಜೇಲು ಯಾಕೆ ಬೇಕು? ಒಂದು ಪಟ್ಟಿ ಕೊಟ್ಟರೆ ಸಾಕು. ಉಳಿದ ಕೆಲಸ ಅವನ ಜೊತೆಯವರೇ ಮಾಡುತ್ತಾರೆ. ಪಲ್ಟನ್ನಿನಲ್ಲಿ ಮಾತ್ರವೇ? ನಮ್ಮ ಕಚೇರಿಗಳಲ್ಲಿ ಸಾಹೇಬರ ಜೋಕಿಗೆ ಯಾರು ಮೊದಲು ನಗುತ್ತಾರೆ, ಆಮೇಲೆ ಯಾರ ಕುರ್ಚಿ ಮುಂದೆ ಸರಿಯುತ್ತದೆ, ಸ್ವಲ್ಪ ನೋಡಿ. (ಇದಕ್ಕಿಂತ ಹೆಚ್ಚು ಬರೆದರೆ ನಮ್ಮ ಸಂಪಾದಕರು ಕೆಮ್ಮುತ್ತಾರೆ. ಅವರ ಕೆಮ್ಮಿಗೂ ಕಾರಣಗಳಿವೆ.)

ಕುಷ್ಟಗಿಯ ಹಾದಿಯಲ್ಲಿ ಇದ್ದಿಲು ತುಂಬಲು ಮೋಟಾರು ನಿಂತಿತು. ಫಕೀರಪ್ಪ ಇಳಿದು, ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ. ಹೋಟೆಲಿನ ಬೆಂಚಿನ ಮೇಲೆ ಕೂತೆವು. ಅವನ ಕೂದಲು ನೆರೆತಿತ್ತು. ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತಾಯಿತು. ಕೊನೆಗೆ ನಾನೇ ಕೇಳಿದೆ.

"ಆ ಹೇಸರಗತ್ತಿ ಸುದ್ದಿ ಯಾಕ ಹೇಳಿದಿ?"

"ನಾ ಎಲ್ಲಿ ಹೇಳಿದೆ? ಮಾಡಿ ತೋರಿಸಿದೆ" ಅಂದ. "ಸುಬೇದಾರ ಮೊದಲ ತನ್ನನ್ನ ಅಣಕಿಸು ಅಂದ. ಮಾಡಿದೆ, ನಕ್ಕ. ಇನ್ನ ದೋಸ್ತರನ್ನ ಮಾಡಂದ. ನಿನ್ನ ನಡಿಗಿ ಮಾಡಿದೆ, ನಕ್ಕ. ನಗೂ ಮನಶ್ಯಾನ ಮುಂದ ನನಗ ಬಾಯಿ ನಿಲ್ಲಂಗಿಲ್ಲೋ. ನಮ್ಮ ಟೆಂಟಿನ್ಯಾಗ ನೀವು ಯಾರೂ ನಗತಿದ್ದಿಲ್ಲಲ್ಲ ಅವಾಗ. ಅಲ್ಲಿ ಒಬ್ಬ ನಗತಿದ್ದ. ವೆಂಕೋಬನ್ನೂ ಮಾಡಿಬಿಟ್ಟೆ. ಮಾಡಿದ ಮ್ಯಾಲ ಸಾಹೇಬನ ಮುಖ ನೋಡಿದೆ. ಅವಾಗ ತಿಳೀತು, ಅಂವಾ ನಗೂದಲ್ಲ, ಹಾಜರಿ ತಗೊಳ್ಳೂದು."

ಅವನು ಚಹಾ ಸಾಸರಿಗೆ ಸುರುವಿ ಊದಿದ.

"ಈಗ ನಾ ಕೇಳ್ತೀನಿ, ನೀ ಹೇಳು" ಅಂದ. "ನಾ ಡಬ್ಬಿ ಮ್ಯಾಲ ನಿಂತ ದಿನ, ಸುಬೇದಾರನ್ನ ಲಾರಿ ಮರಿಗೆ ಯಾರು ಕರಕೊಂಡ ಬಂದ್ರು?"

"ನನಗ ಗೊತ್ತಿಲ್ಲ."

"ಇಷ್ಟ ವರ್ಷ ನೀನ ಅನಕೊಂಡಿದ್ದೆ."

"ನಾನ? ನಾ ನಿನ್ನ ಎದುರಿಗೇ ಕೂತು ನಗತಿದ್ದೆ."

"ಹೌದು. ಎಲ್ಲಾರಿಗಿಂತ ಜೋರ ನಗತಿದ್ದಿ. ಅದಕ್ಕ."

"ಈಗೂ ಹಂಗ ಅನಸ್ತೈತೇನು?"

ಫಕೀರಪ್ಪ ನನ್ನ ಮುಖವನ್ನು ನಿಧಾನವಾಗಿ ನೋಡಿದ. "ಪಟ್ಟಿ ಒಲ್ಲೆ ಅಂದ್ಯಂತಲ್ಲ. ಅರ್ಧ ಡೌಟ್ ಹೋತು" ಅಂದು, ಮೂಗಿನಲ್ಲಿ ನಕ್ಕು, ಕೆಮ್ಮಿ, ಮೋಟಾರಿನ ಕಡೆ ನಡೆದ.

ಅವನು ಜೋಕ್ ಮಾಡಿದನೋ, ನಿಜ ಹೇಳಿದನೋ?