ಚೆಂಡು ತಾನಾಗಿ ಬಂದು ಸೇರುತ್ತಿದ್ದ ಮೂಲೆ

ನನ್ನ ಅತ್ತಿಗೆ ವಿಮಾ ಕಚೇರಿಯ ಕೆಲಸ ಬಿಟ್ಟು ಟೇಬಲ್ ಟೆನಿಸ್ ಕೋಚ್ ಆಗುತ್ತೇನೆ ಎಂದಾಗ ಮನೆಯಲ್ಲಿ ನಗದೆ ಇದ್ದವರು ಅವರೊಬ್ಬರೇ.

"ಕೂತು ಉಣ್ಣೋ ಕೆಲಸ ಬಿಟ್ಟು ಚೆಂಡು ಕುಟ್ಟೋಕೆ ಹೋಗ್ತೀಯಾ?" ಎಂದ ಅಣ್ಣ.

"ಕುಟ್ಟೋದಲ್ಲ, ಕುಟ್ಟೋದು ಹೇಗೆ ಅಂತ ಕಲಿಸೋದು."

ಕಾಲೇಜಿನಲ್ಲಿ ಆಡಿ ಪಳಗಿದ ಕೈ. ಕೋಚಿಂಗ್ ಕೋರ್ಸನ್ನೂ ರಜೆ ಹಾಕಿ ಮುಗಿಸಿದ್ದರು. ಕೊನೆಗೆ ಗಂಡ ಹೆಂಡತಿ ಒಂದು ಮಾತಿಗೆ ಬಂದರು: ಒಂದು ವರ್ಷ ನೋಡುವುದು. ಶಾಲೆಗಳ ಪಂದ್ಯಾವಳಿಯಲ್ಲಿ ಅತ್ತಿಗೆಯ ಶಿಷ್ಯರಲ್ಲಿ ಒಬ್ಬರಾದರೂ ಮೊದಲ ಸುತ್ತು ದಾಟಬೇಕು. ಇಲ್ಲದಿದ್ದರೆ ತೆಪ್ಪಗೆ ಕಚೇರಿಗೆ ವಾಪಸ್ಸು. ಅಲ್ಲಿನ ಮ್ಯಾನೇಜರ್ ಅತ್ತಿಗೆಯ ಕುರ್ಚಿ ಖಾಲಿ ಇಟ್ಟುಕೊಂಡೇ ಕಾಯುತ್ತಿದ್ದರು.

ಅಪ್ಪ ಕಾರು ತೊಳೆಯುತ್ತಿದ್ದ ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಟೇಬಲ್ ಒಂದನ್ನು ಹಾಕಿದರು. ಆ ಶೆಡ್ಡಿಗೊಂದು ಗುಣವಿತ್ತು. ನೆಲಕ್ಕೆ ಬಿದ್ದ ಚೆಂಡು ತಾನಾಗಿ ಉರುಳಿಕೊಂಡು ಬಾಗಿಲ ಮೂಲೆಗೆ ಬಂದು ಸೇರುತ್ತಿತ್ತು. ಅತ್ತಿಗೆ ಆ ಬದಿಗೇ ನಿಂತು, ಬಕೆಟ್ಟಿನಿಂದ ಒಂದರ ಹಿಂದೊಂದು ಚೆಂಡು ಕೊಡುತ್ತಿದ್ದರು. ಮಕ್ಕಳು ಎದುರು ಬದಿಯಿಂದ ಹೊಡೆಯುತ್ತಿದ್ದರು. "ಬೇರೆ ಕಡೆ ಚೆಂಡು ಹೆಕ್ಕೀ ಹೆಕ್ಕೀ ಸೊಂಟ ಬಿದ್ದುಹೋಗುತ್ತೆ, ನಮ್ಮಲ್ಲಿ ಚೆಂಡೇ ಕಾಲ ಬುಡಕ್ಕೆ ಬರುತ್ತೆ" ಎಂದು ನಾನು ಬಂದವರಿಗೆಲ್ಲ ಜಂಬ ಕೊಚ್ಚುತ್ತಿದ್ದೆ.

ಮಕ್ಕಳಲ್ಲಿ ಗಾರೆ ಮೇಸ್ತ್ರಿಯ ಮಗಳು ಎಲ್ಲರಿಗಿಂತ ಚುರುಕು. ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಅತ್ತಿಗೆಯ ಆಸೆಯೆಲ್ಲ ಅವಳ ಮೇಲೇ ಇತ್ತು.

ಪಂದ್ಯಾವಳಿಯ ದಿನ ಪಟಾಕಿ ಠುಸ್ಸೆಂದಿತು. ಹೊಡೆದ ಚೆಂಡೆಲ್ಲ ನೆಟ್ಟಿಗೆ. ಉಳಿದ ಮಕ್ಕಳದೂ ಅದೇ ಪಾಡು. ಒಬ್ಬರೂ ಮೊದಲ ಸುತ್ತು ದಾಟಲಿಲ್ಲ. ಮೇಸ್ತ್ರಿ ಎಲ್ಲರ ಎದುರೇ ಹೇಳಿಬಿಟ್ಟರು: "ನಿಮ್ಮ ಹತ್ರ ಕಲಿತ ಮೇಲೆ ಇವಳಿಗೆ ನೆಟ್ ದಾಟಿಸೋದೇ ಮರೆತುಹೋಗಿದೆ ಮೇಡಂ. ಇನ್ಮೇಲೆ ಕಳಿಸಲ್ಲ."

ಅಣಕಿಸಬೇಕಿದ್ದ ಅಣ್ಣ ಅತ್ತಿಗೆಗೆ ನೀರಿನ ಬಾಟಲಿ ತಂದುಕೊಟ್ಟ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಅತ್ತಿಗೆ ಬ್ಯಾಗು ತುಂಬಿಕೊಳ್ಳುವಾಗ ಒಂದು ಚೆಂಡು ಕೈಜಾರಿ ಬಿತ್ತು. ಪುಟಿದು, ಪುಟಿದು, ಅಲ್ಲೇ ನಿಂತಿತು. ಅವರು ಅದನ್ನೇ ದಿಟ್ಟಿಸಿದರು. ಬೇಕೆಂದೇ ಇನ್ನೊಂದು ಬೀಳಿಸಿದರು. ಅದೂ ನಿಂತಿತು. ಅವರು ಗಟ್ಟಿಯಾಗಿ ನಗತೊಡಗಿದಾಗ ನನಗೆ ಗಾಬರಿ.

"ಇಲ್ಲಿ ಚೆಂಡು ಎಲ್ಲಿಗೂ ಹೋಗ್ತಿಲ್ಲ ಕಣೇ! ನಮ್ಮ ಶೆಡ್ಡೇ ಇಳಿಜಾರು. ಮಕ್ಕಳು ವರ್ಷವಿಡೀ ಇಳಿಜಾರಿಗೆ ಹೊಡೆದಿವೆ, ಸಮ ಟೇಬಲ್ಲಲ್ಲಿ ಅದೇ ಹೊಡೆತ ನೆಟ್ಟಿಗೆ ಬೀಳ್ತಿದೆ!"

ಮನೆಗೆ ಬಂದ ಮೇಲೆ ಅಣ್ಣ ಉಪಾಯ ಹೇಳಿದ: "ಟೇಬಲ್ ಕಾಲಿಗೆ ಹಲಗೆ ಚೂರು ಕೊಡು, ಯಾರಿಗೂ ಹೇಳೋಕೆ ಹೋಗಬೇಡ."

"ಮಕ್ಕಳು ತಮ್ಮ ಕೈಯೇ ಸರಿ ಇಲ್ಲ ಅಂದ್ಕೊಂಡಿವೆ. ಹೇಳದೆ ಇದ್ರೆ ನಾನೆಂಥ ಕೋಚ್?"

ಮರುದಿನ ಮಕ್ಕಳನ್ನೂ ಹೆತ್ತವರನ್ನೂ ಶೆಡ್ಡಿಗೆ ಕರೆದರು. ಮಕ್ಕಳು ನಿಲ್ಲುತ್ತಿದ್ದ ಬದಿಯಲ್ಲಿ ಟೇಬಲ್ ಮೇಲೆ ಚೆಂಡಿಟ್ಟು ಕೈ ತೆಗೆದರು. ಅದು ಮೆಲ್ಲಗೆ ಉರುಳಿ ನೆಟ್ಟಿಗೆ ಒರಗಿತು.

"ತಪ್ಪು ಮಕ್ಕಳದಲ್ಲ. ನೆಲ ನೋಡದೆ ಟೇಬಲ್ ಹಾಕಿದ್ದು ನಾನು."

ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ನೆಲವನ್ನೊಮ್ಮೆ ಸವರಿದರು. ಆಮೇಲೆ ತಲೆ ಕೆರೆದುಕೊಂಡರು.

"ಈ ನೆಲ ಹಾಕಿದ್ದು ನಾನೇ ಮೇಡಂ. ಕಾರು ತೊಳೆದ ನೀರು ನಿಲ್ಲಬಾರದು ಅಂತ ನಿಮ್ಮ ಮಾವನೋರು ಹೇಳಿದ್ರು. ನೀರು ಹರಿಯೋ ವಾಟ ಚೆನ್ನಾಗೇ ಬಂದಿದೆ."

"ತುಂಬಾ ಚೆನ್ನಾಗಿ ಬಂದಿದೆ ಅಪ್ಪಾ," ಎಂದಳು ಪಟಾಕಿ, "ಅದಕ್ಕೇ ನಾನು ಸೋತಿದ್ದು!"

ನಗು ಶೆಡ್ಡಿನಿಂದ ಹೊರಗೂ ಕೇಳಿಸಿರಬೇಕು. ಮೇಸ್ತ್ರಿ ಮಗಳನ್ನು ಬಿಡಿಸುವ ಮಾತೆತ್ತಲಿಲ್ಲ. ಸಿಮೆಂಟು ಮರಳು ಎಷ್ಟು ಬೇಕೆಂದು ಲೆಕ್ಕ ಹಾಕತೊಡಗಿದರು.

ಎಲ್ಲರೂ ಹೋದ ಮೇಲೆ ಅತ್ತಿಗೆಯ ಮುಖ ಸಪ್ಪಗಾಯಿತು. "ಕೊಟ್ಟ ಮಾತು ಮಾತೇ," ಎಂದರು ಅಣ್ಣನಿಗೆ. "ಸೋಮವಾರದಿಂದ ಕಚೇರಿಗೆ ಹೋಗ್ತೀನಿ."

ಅಣ್ಣ ಟೇಬಲ್ಲಿನ ಅಂಚನ್ನು ಬೆರಳಲ್ಲಿ ಒರೆಸುತ್ತಾ ನಿಂತ. "ಒಂದು ವರ್ಷ ಅಂತ ತಾನೇ ಮಾತಾಗಿದ್ದು? ಮೇಸ್ತ್ರಿ ನೆಲ ಸರಿ ಮಾಡಲಿ. ವರ್ಷ ಅಲ್ಲಿಂದ ಶುರು."

ಅತ್ತಿಗೆ ಬಕೆಟ್ ಎತ್ತಿಕೊಂಡರು. ನನಗೆ ಅಣ್ಣನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಈಗ ನೆಲ ಸಮವಾಗಿದೆ. ಪಟಾಕಿ ಮೊದಲ ಸುತ್ತು ದಾಟಿ ಎರಡನೆಯದನ್ನೂ ಗೆದ್ದಿದ್ದಾಳೆ. ಮೂಲೆಯ ಸುಖ ಮಾತ್ರ ಹೋಯಿತು. ಚೆಂಡುಗಳು ಶೆಡ್ಡಿನ ತುಂಬ ದಿಕ್ಕಾಪಾಲು. ಸಂಜೆ ಕೆಲಸದಿಂದ ಬಂದ ಅಣ್ಣ ಚಪ್ಪಲಿ ಬಿಟ್ಟು, ಬಗ್ಗಿ ಬಗ್ಗಿ ಅವನ್ನು ಹೆಕ್ಕುತ್ತಾನೆ. ಸೊಂಟ ಹಿಡಿಯಿತೆಂದು ದಿನಾ ಗೊಣಗುತ್ತಾನೆ. ಬಕೆಟ್ಟನ್ನು ಮಾತ್ರ ಬೇರೆ ಯಾರ ಕೈಗೂ ಕೊಡುವುದಿಲ್ಲ.