ಹಲ್ಲಿನಲ್ಲಿ ಕಚ್ಚಿದ ಹಗ್ಗ

ಕಳಸದ ಪೇಟೆಯಲ್ಲಿ ನನ್ನದೊಂದು ಫಿಸಿಯೋಥೆರಪಿ ಕೊಠಡಿಯಿದೆ. ಕಳೆದ ಕಾಫಿ ಕೊಯ್ಲಿನ ಕಾಲದಲ್ಲಿ ಹೆಂಗಸೊಬ್ಬರು ಗದ್ದಕ್ಕೆ ಟವೆಲ್ ಬಿಗಿದುಕೊಂಡು ಅಲ್ಲಿಗೆ ಬಂದರು. ಸಂಸೆಯ ಬಳಿಯಿರುವ ನಮ್ಮದೇ ತೋಟದಲ್ಲಿ, ನಾನು ಶಾಲೆಯ ಮೆಟ್ಟಿಲು ಹತ್ತುವ ಮೊದಲಿನಿಂದಲೂ ಹಣ್ಣು ಕೊಯ್ಯುತ್ತಿರುವವರು. ಬಲದವಡೆಯ ನೋವಿಗೆಂದು ಆಗಲೇ ಎರಡು ಹಲ್ಲು ಕೀಳಿಸಿಕೊಂಡಿದ್ದರು. ನೋವು ಮಾತ್ರ ಇದ್ದಲ್ಲೇ ಇತ್ತು. ಕೊಯ್ಲು ಮುಗಿದ ಮೇಲೆ ಮೂರನೆಯದನ್ನೂ ಕೀಳಿಸುವುದೆಂದು ದಿನ ಗೊತ್ತಾಗಿತ್ತು. ಕೊಯ್ಲಿನ ನಡುವೆ ರಜೆ ಸಿಗದಿರುವುದು ಒಂದು ಅನ್ಯಾಯ. ಬಡವರ ನೋವಿಗೆ ಇಕ್ಕುಳವೇ ಮೊದಲ ಮದ್ದಾಗುವುದು ಇನ್ನೊಂದು. ಪರಿಚಯದ ದಂತವೈದ್ಯರಿಗೆ ತೋರಿಸಿದೆ. ಮೂರನೆಯ ಹಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ.

"ಬಾಯಿ ತೆಗೀರಿ ಅಕ್ಕ, ನಿಮ್ಮ ಮೂರು ಬೆರಳು ಒಂದರ ಮೇಲೊಂದು ಹಿಡೀಬೇಕು" ಎಂದೆ.

"ಅಯ್ಯನ ಮಗ್ಳು ನನ್ನ ಅಕ್ಕ ಅಂತೀರಲ್ಲ ಮಾರಾಯ್ರೆ! ನಗ್ಸ್‌ಬೇಡಿ, ದವಡೆ ನೋಯ್ತದೆ."

ಒಂದೂವರೆ ಬೆರಳಷ್ಟೇ ಹಿಡಿಯಿತು. ತೆರೆಯುವಾಗ ಗದ್ದ ಬಲಕ್ಕೆ ವಾಲುತ್ತಿತ್ತು. ತಲೆಬುರುಡೆಯ ಬುಡದಲ್ಲಿ, ಕತ್ತಿನ ಮೇಲ್ತುದಿಯ ಸ್ನಾಯುಗಳು ಹುರಿಗಟ್ಟಿದ್ದವು. ನಾನು ಕೂಡಲೇ ಎಲೆಅಡಿಕೆಯನ್ನು ಅಪರಾಧಿಯಾಗಿಸಿ ದೀರ್ಘ ಉಪದೇಶ ಮಾಡಿದೆ.

"ಅದನ್ನೂ ಬಿಡ್ಬೇಕಾ? ಮತ್ತೆ ಬಾಯಿ ಇರೋದು ಯಾತಕ್ಕೆ?" ಎಂದರೂ ಅಡಿಕೆ ಜಗಿಯುವುದನ್ನು ಆ ದಿನದಿಂದಲೇ ನಿಲ್ಲಿಸಿದರು.

ಬೆರಳ ತುದಿಯಿಂದ ಕತ್ತಿನ ಬುಡವನ್ನು ಮೆಲ್ಲನೆ ಒತ್ತಿ ಸಡಿಲಿಸಿದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟುಕೊಂಡು, ಗದ್ದ ವಾಲದಂತೆ ನೇರವಾಗಿ ಬಾಯಿ ತೆರೆಯುವುದನ್ನು ಕಲಿಸಿದೆ. ಊಟದ ಹೊತ್ತು ಬಿಟ್ಟು ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬಾರದೆಂದೆ. ಅವರು ಮನೆಯಲ್ಲಿ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಮೂರು ವಾರಗಳ ನಂತರ ಅವರೇ ಅಳೆದು ತಂದ ಲೆಕ್ಕ ವಿಚಿತ್ರವಾಗಿತ್ತು: ಬೆಳಿಗ್ಗೆ ಎರಡು ಬೆರಳು, ಸಂಜೆ ಮತ್ತೆ ಒಂದೂವರೆ. ಹಗಲಿನಲ್ಲಿ ಏನೋ ಕೆಡುತ್ತಿದೆ ಎಂದು ಅಂದು ನಾಲ್ಕು ಗಂಟೆಗೆ ತೋಟಕ್ಕೆ ಹೋದೆ.

ಕಡಿದಾದ ಇಳಿಜಾರಿನಲ್ಲಿ ಹೆಂಗಸರು ಹಣ್ಣಿನ ಮೂಟೆಗಳನ್ನು ತಲೆಯ ಮೇಲೆ ಹೊತ್ತು, ಜೀಪು ನಿಲ್ಲುವ ಮೇಲಿನ ದಾರಿಗೆ ಏರುತ್ತಿದ್ದರು. ಅಕ್ಕ ಎಲ್ಲರಿಗಿಂತ ಮುಂದಿದ್ದರು. ಮೂಟೆಯ ಬಾಯಿ ಕಟ್ಟಿದ ಹಗ್ಗದ ತುದಿ ಅವರ ಬಲದವಡೆಯ ಹಲ್ಲುಗಳ ನಡುವೆ ಬಿಗಿಯಾಗಿತ್ತು.

"ಅದೇನಕ್ಕ ಬಾಯಲ್ಲಿ?"

ಹಗ್ಗ ಬಿಟ್ಟು ಹೇಳಿದರು: "ಹಿಡೀದಿದ್ರೆ ಮೂಟೆ ಹಿಂದಕ್ಕೆ ಜಾರ್ತದೆ. ಒಂದು ಕೈ ಮೂಟೆಗೆ, ಒಂದು ಕೈ ಗಿಡ ಹಿಡ್ಕಳಕ್ಕೆ. ದೇವ್ರು ಮೂರನೇ ಕೈ ಕೊಡ್ಲಿಲ್ವಲ್ಲ!"

ಈ ದೃಶ್ಯವನ್ನು ನಾನು ಬಾಲ್ಯದಿಂದಲೂ ಕಂಡಿದ್ದೆ. ಚಿಕ್ಕಮಗಳೂರಿನ ಸಭೆಗಳಲ್ಲಿ ಪರರ ಎಸ್ಟೇಟುಗಳ ಅನ್ಯಾಯಗಳನ್ನು ಹೆಸರಿಟ್ಟು ಖಂಡಿಸಿದವಳು, ಅಕ್ಕನಿಗೆ ಏನು ಜಗಿಯುತ್ತೀರಿ ಎಂದು ಕೇಳಿದೆನೇ ಹೊರತು ಏನು ಹೊರುತ್ತೀರಿ ಎಂದು ಕೇಳಲಿಲ್ಲ. ಆ ತಪ್ಪಿಗೆ ನನ್ನ ಹೆಸರನ್ನೇ ಇಡಬೇಕು.

ನೋವಿಗೆ ಆ ಹಗ್ಗವೇ ಕಾರಣವೆಂದು ಅಕ್ಕನಿಗೂ, ಮೇಲಿನ ದಾರಿಯಲ್ಲಿ ನಿಂತಿದ್ದ ಅಪ್ಪನಿಗೂ ತಿಳಿಸಿದೆ.

"ಅವ್ರಿಗೆ ಅಭ್ಯಾಸ ಆಗಿದೆ ಬಿಡು ಮಾರಾಯ್ತಿ. ಅವ್ಳ ಅಮ್ಮನೂ ಹಿಂಗೇ ಹೊತ್ತಿದ್ದು."

ಅಭ್ಯಾಸವೆಂಬುದು ಅನ್ಯಾಯಕ್ಕೆ ನಾವು ತೊಡಿಸಿದ ಅಂಗಿ ಎಂದು ನಾನು ಭಾಷಣಕ್ಕೆ ಅಣಿಯಾಗುವಷ್ಟರಲ್ಲಿ, ಅಕ್ಕ ಇಳಿಜಾರಿನ ನಡುವೆಯೇ ಮೂಟೆ ಇಳಿಸಿದರು.

"ಅಯ್ಯ, ಇನ್ನು ಮೇಲಕ್ಕೆ ಹೊರಲ್ಲ. ಜೀಪೇ ಕೆಳಗೆ ಬರ್ಲಿ. ನಿಮ್ಮ ತೋಟಕ್ಕೆ ಎರಡು ಹಲ್ಲು ಕೊಟ್ಟಾಯ್ತು, ಮೂರನೇದು ಕೊಡಲ್ಲ."

"ಕೆಳಗೆ ದಾರಿ ಎಲ್ಲಿದೆಯೇ?"

"ಕಡ್ದ್ರೆ ಇರ್ತದೆ."

ಹಿಂದಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕು, "ಹಂಗಾರೆ ನಂದೂ ಇಲ್ಲೇ ಕೂರ್ಲಿ" ಎಂದರು. ಒಂದೊಂದಾಗಿ ಮೂಟೆಗಳೆಲ್ಲ ನೆಲಕ್ಕಿಳಿದವು. ಅಪ್ಪ ಇಳಿದು ಬಂದು ಮೂಟೆಗಳನ್ನು ಎಣಿಸಿದರು. ಮರುದಿನದಿಂದ ಅರ್ಧ ಮೂಟೆ ಹೊತ್ತರೆ ಸಾಕೆಂದರು. ಮುಂದಿನ ವಾರ ದಾರಿ ಕಡಿಸಿದರು. ಅದಕ್ಕಾಗಿ ಹೋದ ಕಾಫಿ ಗಿಡಗಳ ಬಗ್ಗೆ ಇಂದಿಗೂ ಗೊಣಗುತ್ತಾರೆ. ಗೊಣಗಲಿ. ದಾರಿಯಂತೂ ಇದೆ. ಇಂಥ ದಾರಿಯಿಲ್ಲದ ಇಳಿಜಾರುಗಳು ಈ ಗುಡ್ಡಗಳಲ್ಲಿ ಇನ್ನೂ ಇವೆ ಎಂಬುದನ್ನೂ ನಾನು ಹೇಳದೆ ಬಿಡಲಾರೆ.

ಹಗ್ಗ ಬಾಯಿಂದ ಬಿದ್ದ ಮೇಲೆ ಅದೇ ವ್ಯಾಯಾಮ ಫಲ ಕೊಡತೊಡಗಿತು. ಸಂಜೆಯ ಅಳತೆ ಬೆಳಗಿನ ಅಳತೆಯನ್ನು ಸೇರಿಕೊಂಡಿತು. ನನ್ನ ಕೈಗುಣವೆಂದು ಅಕ್ಕ ಊರೆಲ್ಲ ಹೇಳಿದರು. ನನಗೆ ಹೆಮ್ಮೆಯಿರುವುದು ಆ ಕೈಗಳ ಬಗ್ಗೆ ಅಲ್ಲ, ಒಂದೂವರೆ ಬೆರಳಷ್ಟೇ ತೆರೆಯುತ್ತಿದ್ದ ಆ ಬಾಯಿಯ ಬಗ್ಗೆ.

ಹಲ್ಲು ಕೀಳಿಸಬೇಕಾಗಿದ್ದ ದಿನ ಅವರು ಬಸ್ಸಿಳಿದು ನೇರ ನನ್ನ ಕೊಠಡಿಗೆ ಬಂದರು. ಕೇಳುವ ಮೊದಲೇ ಮೂರು ಬೆರಳು ನಿಲ್ಲಿಸಿ ಬಾಯೊಳಗಿಟ್ಟು ತೋರಿಸಿದರು. ಆಮೇಲೆ ಬಲಗೆನ್ನೆಯನ್ನು ತಟ್ಟಿಕೊಂಡು ಎಂದರು:

"ಇಲ್ಲೇ ಇದಾನೆ ನೋಡಿ, ಗಟ್ಟಿಯಾಗಿ. ಇವ್ನ ಕೈಲಿ ಒಂದೇ ಒಂದು ಅಡಿಕೆ ಚೂರು ಕಡಿಸ್ಬೋದಾ?"

"ಬೇಡ" ಎಂದೆ.

"ನೀವೂ ಅಯ್ಯನ ಮಗ್ಳೇ, ಬಿಡಿ" ಎಂದು ಬಾಯ್ತುಂಬ ನಕ್ಕರು.