ನೆಲದೊಳಗಿನ ಗ್ಯಾಸು, ಅವ್ವನ ನಂದಾದೀಪ

ಖಾನಾಪುರದ ನಮ್ಮ ಮನೆಯ ಅಡುಗೆಮನೆಗೆ ಬಣ್ಣ ಅಂತ ಒಂದಿದ್ದರೆ ಅದು ಕಪ್ಪು. ಕಣಕುಂಬಿ ಕಡೆಯಿಂದ ಚಕ್ಕಡಿಯಲ್ಲಿ ಬರುತ್ತಿದ್ದ ಕಟ್ಟಿಗೆ ಮಳೆಗಾಲದಲ್ಲಿ ಎಂದೂ ಒಣಗುತ್ತಿರಲಿಲ್ಲ. ಅವ್ವ ಊದುಗೊಳವಿ ಹಿಡಿದು ಒಲೆಯ ಮುಂದೆ ಕೂತರೆ ಮೊದಲು ಹೊಗೆ, ಆಮೇಲೆ ಕೆಮ್ಮು, ಎಲ್ಲಕ್ಕೂ ಕಡೆಗೆ ಬೆಂಕಿ. ಮಧ್ಯಾಹ್ನದ ಹೊತ್ತಿಗೆ ಆಕೆಯ ಕಣ್ಣು ಕೆಂಪಗೆ ಬಾತುಕೊಂಡಿರುತ್ತಿದ್ದವು. ಅತ್ತಿದ್ದಾಳೇನೋ ಅಂತ ಹೊಸಬರು ಅನುಮಾನಿಸಬೇಕು, ಹಾಗೆ.

ಅಪ್ಪ ತೀರಿಕೊಂಡ ವರ್ಷ ನಾನು ಸಾಲಿ ಬಿಟ್ಟೆ. ಐದನೇ ಇಯತ್ತೆಯೂ ಪೂರ್ತಿ ಆಗಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರಿವರ ಕಡೆ ಮಣ್ಣು ಹೊತ್ತು, ಹಂಚು ಹೊತ್ತು, ಕಡೆಗೆ ಮಚ್ಛೆಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವ ಕೆಲಸಕ್ಕೆ ನಿಂತೆ. ಮರಳಿನಲ್ಲಿ ಅಚ್ಚು ಕೂಡಿಸುವುದು, ಅದರಲ್ಲಿ ಕರಗಿದ ಕಬ್ಬಿಣ ಹೊಯ್ಯುವುದು. ನನ್ನ ಅಚ್ಚಿನಿಂದ ಬಂದ ಪಂಪಿನ ಕವಚದಲ್ಲಿ ತೂತು ಬಿತ್ತು ಅಂತ ವಾಪಸು ಬಂದದ್ದು ಬಹಳ ಕಡಿಮೆ. ಇದನ್ನು ಜಂಬ ಅಂತೀರೋ, ಅನ್ನಿ. ಓದು ಇಲ್ಲದವನಿಗೆ ಕೈಯೇ ಹೆಸರು.

ಎಂಬತ್ತರ ದಶಕದ ಶುರುವಿನಲ್ಲಿ ಗೋಬರ್ ಗ್ಯಾಸಿನ ಸುದ್ದಿ ನಮ್ಮ ಓಣಿಗೂ ಬಂತು. ಹಿತ್ತಲಲ್ಲಿ ಗುಂಡಿ ತೋಡಿ, ಒಳಗೆ ಇಟ್ಟಿಗೆಯಿಂದ ಗುಮ್ಮಟ ಕಟ್ಟಿ, ಮೇಲೆ ಮಣ್ಣು ಮುಚ್ಚಿಬಿಡುವುದು. ಎಮ್ಮೆಯ ಹೆಂಡಿಯನ್ನು, ಅಂದರೆ ಸಗಣಿಯನ್ನು, ನೀರಲ್ಲಿ ಕಲಸಿ ಒಂದು ಕಡೆಯಿಂದ ಬಿಟ್ಟರೆ ಗುಮ್ಮಟದ ಹೊಟ್ಟೆಯಲ್ಲಿ ಗ್ಯಾಸು ಹುಟ್ಟುತ್ತದೆ; ನೆತ್ತಿಯ ಕೊಳವೆಯಿಂದ ನೇರ ಒಲೆಗೆ ಬರುತ್ತದೆ. ಹೊಗೆ ಇಲ್ಲ, ಮಸಿ ಇಲ್ಲ. ನಮಗೆ ಎರಡು ಎಮ್ಮೆ ಇದ್ದವು. ಅವ್ವನ ಕಣ್ಣು ನೆನೆದು ನಾನು ಹೂಂ ಅಂದೆ, ನನ್ನ ಹೆಂಡತಿಯೂ ಹೂಂ ಅಂದಳು.

ಅವ್ವ ಮಾತ್ರ ಹೂಂ ಅನ್ನಲಿಲ್ಲ.

“ಹೆಂಡಿ ಉಸಿರಿನ್ಯಾಗ ಬೆಂದ ಹೋಳಿಗಿ ದೇವರಿಗೆ ಎಡಿ ಹಿಡೀಲೇನು?”

“ಈಗ ಹೆಂಡಿ ಕುಳ್ಳು ಸುಡೂದಿಲ್ಲೇನವ್ವ? ಅದೇನು ಗಂಧದ ಕಟ್ಟಿಗಿಯೇನು?” ಅಂದೆ.

ಆಕೆ ಊದುಗೊಳವಿ ಕೆಳಗಿಟ್ಟು, “ಭಾಳ ಶ್ಯಾಣ್ಯಾ ಆಗೀದಿ” ಅಂದಳು. ಅದೇ ಒಪ್ಪಿಗೆ.

ಪೀರನವಾಡಿಯಿಂದ ಒಬ್ಬ ಗವಂಡಿ ಬಂದ. ಇಂಥ ಗುಮ್ಮಟ ಕಟ್ಟಿ ಕೈ ಪಳಗಿದವ. ಕಾರ್ಖಾನೆಗೆ ಸುಟಿ ಇದ್ದ ದಿನಗಳಲ್ಲಿ ಗುಂಡಿಯ ಮಣ್ಣು ನಾನೇ ಹೊತ್ತೆ. ಗುಮ್ಮಟ ಮುಚ್ಚುವ ದಿನ, ಕೊಳವೆ ಹೊರಬರುವ ಕುತ್ತಿಗೆಯ ಹತ್ತಿರ ಕಡೆಯ ಇಟ್ಟಿಗೆ ಕೂಡಿಸುವ ಹೊತ್ತಿಗೆ, ಅವ್ವ ಒಂದು ಅರಿಶಿಣ ಬಟ್ಟೆಯ ಗಂಟು ಹಿಡಿದುಕೊಂಡು ಬಂದಳು. ಒಳಗೆ ನವಧಾನ್ಯ, ಒಂದು ತಾಮ್ರದ ಬಿಲ್ಲೆ. ನಮ್ಮಲ್ಲಿ ಮನೆ ಕಟ್ಟುವಾಗ ಹೊಸ್ತಿಲ ಕೆಳಗೆ, ಚೌಕಟ್ಟಿನ ಬುಡಕ್ಕೆ ಇಡುತ್ತಾರಲ್ಲ, ಅದೇ.

ಗವಂಡಿ ಕರಣಿ ಕೆಳಗಿಟ್ಟ. “ಅವ್ವಾರ, ಇದು ಮನಿ ಅಲ್ಲರಿ. ಹೆಂಡಿ ಗುಂಡಿ.”

“ಗುಂಡಿ ಆದರೇನು, ನೆಲ ಅಗದೀರೋ ಇಲ್ಲೋ? ಆಕೀ ಹೊಟ್ಟಿ ಬಗದಮ್ಯಾಲ ಕೈಯಾಗ ಏನರೆ ಕೊಡಬೇಕು. ಇಲ್ಲಂದ್ರ ನಿನಗೂ ಛಲೋ ಅಲ್ಲ, ನನ್ನ ಮಗಗೂ ಛಲೋ ಅಲ್ಲ.”

ಗವಂಡಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನ ಮನೆಯಲ್ಲೂ ತಾಯಿ ಇದ್ದಿರಬೇಕು. ಗಂಟನ್ನು ಇಟ್ಟಿಗೆಯ ಸಂದಿನಲ್ಲಿ ಕೂಡಿಸಿ, ಮೇಲೆ ಸಿಮೆಂಟು ಬಳಿದು ಕೈ ಒರೆಸಿಕೊಂಡ.

ಗ್ಯಾಸು ಬಂದ ದಿನ ಓಣಿಯ ಹೆಂಗಸರೆಲ್ಲ ಬಂದು ನೀಲಿ ಉರಿ ನೋಡಿದರು. ಚಹಾ ಕುದಿಯುವುದನ್ನು ಅಷ್ಟು ಲಕ್ಷ್ಯ ಕೊಟ್ಟು ನೋಡಿದವರನ್ನು ನಾನು ಮತ್ತೆ ಕಂಡಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಸುಖವಾಗಿ ಹೋಯಿತು. ಅವ್ವನ ಕಣ್ಣು ತಿಳಿಯಾದವು. ಹಿತ್ತಲು ರಾಡಿಯಾಗುತ್ತದೆ ಅಂತ ಗುಮ್ಮಟದ ಮೇಲಿನ ಮಣ್ಣಿಗೆ ನಾನು ಹಾಸುಗಲ್ಲು ಹೊಂದಿಸಿದೆ. ಅದರ ಮೇಲೆ ಅವ್ವ ಶ್ಯಾವಿಗೆ ಒಣಗಿಸುತ್ತಿದ್ದಳು.

ಮಳೆ ಹಿಂದಾದ ಮೇಲೆ ನವರಾತ್ರಿ ಬಂತು.

ನಮ್ಮ ಮನೆಯಲ್ಲಿ ಘಟ್ಟ ಹಾಕುವ ಪದ್ಧತಿ. ದೇವರ ಮನೆಯಲ್ಲಿ ಮಣ್ಣು ಹರವಿ, ಅದರಲ್ಲಿ ಧಾನ್ಯ ಬಿತ್ತಿ, ನಡುವೆ ನೀರಿನ ಮಡಕೆ ಕೂಡಿಸುತ್ತಾರೆ. ಹಬ್ಬ ಮುಗಿಯುವ ಹೊತ್ತಿಗೆ ಸಸಿ ಗೇಣುದ್ದ ಬಂದಿರುತ್ತವೆ. ಮುಂದೆ ಒಂದು ನಂದಾದೀಪ. ಅದು ಹಗಲೂ ರಾತ್ರಿಯೂ ಆರಬಾರದು. ಎಲ್ಲರ ಮನೆಯಲ್ಲೂ ಆರಬಾರದು, ಆದರೆ ನಮ್ಮ ಮನೆಯಲ್ಲಿ ಅದರ ಅಂಜಿಕೆ ಬೇರೆ. ಅಪ್ಪ ತೀರಿಕೊಂಡ ವರ್ಷ ಹಂಚಿನ ಸಂದಿನಿಂದ ಮಳೆ ಹನಿ ಬಿದ್ದು ದೀಪ ಆರಿತ್ತು. ದೀಪಾವಳಿಗೆ ಅಪ್ಪ ಇರಲಿಲ್ಲ. ಇವೆರಡನ್ನೂ ಜೋಡಿಸಿ ಅವ್ವ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಆಮೇಲಿನ ಎಲ್ಲ ನವರಾತ್ರಿಗಳಲ್ಲೂ ಆಕೆ ದೇವರ ಮನೆಯ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳು. ದೀಪಕ್ಕೆ ಎಣ್ಣೆ ಹಾಕುವಾಗ ನನ್ನ ಹೆಸರು ಹೇಳಿಯೇ ಹಾಕುತ್ತಿದ್ದಳು. ಮನೆಯಲ್ಲಿ ಉಳಿದ ಗಂಡಸು ನಾನೊಬ್ಬನೇ ಅಲ್ಲವೇ?

ಆ ವರ್ಷ ಹಬ್ಬ ಅರ್ಧಕ್ಕೆ ಬರುವಾಗ ಬಾಜು ಮನೆಯ ಮರಾಠಿ ಮಾವಶಿ ಅರಿಶಿಣ ಕುಂಕುಮಕ್ಕೆ ಬಂದಳು. ಅವರ ಮನೆಯಲ್ಲೂ ಘಟ್ಟ ಕೂತಿತ್ತು. ದೇವರ ಮನೆಯ ಬಾಗಿಲಲ್ಲಿ ನಿಂತವಳು ಮೂಗು ಮುಚ್ಚಿಕೊಂಡಳಂತೆ. “ಅಗಬಾಯಿ! ಅಕ್ಕಾ, ಇಲ್ಲಿ ಕೋಳಿ ತತ್ತಿ ಕೊಳತ ವಾಸನಿ ಬರಾಕತ್ತೈತಿ.”

ಸಂಜೆ ನಾನು ಮಚ್ಛೆಯಿಂದ ಬಂದು ಚಪ್ಪಲಿ ಬಿಡುವುದಕ್ಕೂ ಆಸ್ಪದ ಇಲ್ಲ. ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

“ಬಾಯಿ ತಗಿ.”

“ಯಾಕವ್ವ?”

“ಕಾರಖಾನ್ಯಾಗ ಕಂಡ ಕಂಡವರ ಜೋಡಿ ಕುಂತು ಉಣ್ಣತಿ. ಘಟ್ಟ ಕುಂತ ಮನ್ಯಾಗ ತತ್ತಿ ತಂದಿಟ್ಟಿಯೇನು? ಖರೇ ಹೇಳು.”

ತತ್ತಿ ನಮ್ಮ ಮನೆಯ ಹೊಸ್ತಿಲು ದಾಟಿದ ವಸ್ತುವೇ ಅಲ್ಲ. ಅದು ಕೊಳೆತರೆ ಹೇಗೆ ನಾರುತ್ತದೆ ಅನ್ನುವುದು ನಮ್ಮಲ್ಲಿ ಯಾರಿಗೂ ತಿಳಿಯದು. ಎರಡು ದಿನದಿಂದ ಏನೋ ವಾಸನೆ ಅಂತ ಅವ್ವನೇ ಹೆಚ್ಚು ಹೆಚ್ಚು ಊದುಬತ್ತಿ ಹಚ್ಚುತ್ತಿದ್ದಳು. ಒಳಗಿನಿಂದ ನನ್ನ ಹೆಂಡತಿ ನಕ್ಕ ಸಪ್ಪಳ ಕೇಳಿತು. ಆಮೇಲೆ ಆಕೆ ಹೊರಗೆ ಬಂದು, “ತತ್ತಿ ಸುದ್ದಿ ಇರಲಿ, ಮೊದಲ ಒಲಿ ನೋಡ್ರಿ. ನಿನ್ನಿಯಿಂದ ಉರಿ ಮೆತ್ತಗಾಗೈತಿ. ಬ್ಯಾಳಿ ಬೇಯವಲ್ಲದು” ಅಂದಳು.

ಒಲೆಯ ಸುದ್ದಿ, ವಾಸನೆಯ ಸುದ್ದಿ ನನ್ನ ತಲೆಯಲ್ಲಿ ಇನ್ನೂ ಬೇರೆ ಬೇರೆ ನಿಂತಿದ್ದವು. ಅವೆರಡನ್ನೂ ಕೂಡಿಸಿದವಳು ಅವ್ವ, ತನಗೆ ಗೊತ್ತಿಲ್ಲದೆ.

“ಒಲಿ ಮೆತ್ತಗಾದರ ಆಗಲಿ. ದೇವರ ಮನ್ಯಾಗ ತಾಯಿ ಬಂದಾಳ” ಅಂದಳು. ದನಿ ಒಮ್ಮೆಲೇ ಸಣ್ಣದಾಗಿತ್ತು. “ಮುಂಜಾನಿ ಬತ್ತಿ ಸರಸಾಕ ಹೋದ್ನಿ. ದೀಪದ ಸುತ್ತ ನೀಲಿ ಸೆರಗು. ನೆಲದ ಮ್ಯಾಲ, ಘಟ್ಟದ ಬಾಜೂನ, ಭಸ್ ಅಂತ ನೀಲಿ ಉರಿ ಎದ್ದು ಹೋತು. ಕೈ ಮುಗದ್ನಿ.”

ಆ ನೀಲಿ ನಮ್ಮ ಅಡುಗೆಮನೆಯ ನೀಲಿ.

ಹೋಗಿ ನೋಡಿದೆ. ಘಟ್ಟದ ಪಕ್ಕ, ಗೋಡೆಯ ಬುಡದಲ್ಲಿ ಒಂದು ಹೆಗ್ಗಣದ ಬಿಲ. ಹಿತ್ತಲಿನಿಂದ ಒಳಗೆ ತೋಡಿಕೊಂಡು ಬಂದದ್ದು. ಗುಮ್ಮಟ ಎಲ್ಲೋ ಸೋರುತ್ತಿದೆ; ಕೊಳೆತ ತತ್ತಿಯ ವಾಸನೆ ಈ ಗ್ಯಾಸಿನದೇ. ಮೇಲೆ ಹೋಗಲು ಹಸಿ ಮಣ್ಣು ಬಿಡುತ್ತಿಲ್ಲ, ನಾನು ಹೊಂದಿಸಿದ ಹಾಸುಗಲ್ಲು ಬಿಡುತ್ತಿಲ್ಲ. ಗ್ಯಾಸು ಬಿಲ ಹಿಡಿದು ನೆಲದೊಳಗೇ ನಡೆದು ಬಂದಿದೆ. ಬಂದದ್ದು ಅವ್ವ ರಾತ್ರಿಯೆಲ್ಲ ಕಾಯುವ ದೀಪದ ಬುಡಕ್ಕೆ. ಮನೆಯಲ್ಲಿ ಆ ಕೋಣೆಯೊಂದಕ್ಕೇ ಕಿಟಕಿ ಇಲ್ಲ.

ಹೆಂಡತಿಗೆ ಒಲೆ ಹಚ್ಚಬೇಡ ಅಂದೆ. ಹಿತ್ತಲಿಗೆ ಓಡಿ ಕೊಳವೆ ಬಿಚ್ಚಿ ಗ್ಯಾಸನ್ನು ಗಾಳಿಗೆ ಬಿಟ್ಟೆ. ಆದರೆ ಗುಂಡಿಯೊಳಗೆ ಹೆಂಡಿ ಇರುವ ತನಕ ಗ್ಯಾಸು ಹುಟ್ಟುತ್ತಲೇ ಇರುತ್ತದೆ. ತಿರುಗಿ ಬಂದು ಅವ್ವನಿಗೆ ಹೇಳಿದೆ: “ಆ ನೀಲಿ ಉರಿ ಗ್ಯಾಸಿಂದು. ದೀಪ ಶಾಂತ ಮಾಡಬೇಕವ್ವ. ಈಗಿಂದೀಗ.”

ನಾನು ಆರಿಸಬೇಕು ಅನ್ನಲಿಲ್ಲ, ಶಾಂತ ಅಂದೆ. ಅಷ್ಟು ಬುದ್ಧಿ ಇತ್ತು. ಏನು ಉಪಯೋಗ? ಆಕೆ ಹೋಗಿ ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ನೀ ಹೊರಗ ಹೋಗು” ಅಂದಳು.

“ನೀನೂ ಬಾ.”

“ಗ್ಯಾಸ ಹತ್ತಿದರ ನಾ ಹೋಕ್ಕೀನಿ. ಮುದುಕಿ. ದೀಪ ಆರಿದರ ಯಾರು ಹೋಗತಾರ ಗೊತ್ತೈತಿಲ್ಲೋ ನಿನಗ?”

ಅಷ್ಟು ವರ್ಷ ಬಾಯಿಂದ ಹೊರಬೀಳದ ಮಾತು ಅವತ್ತು ಬಿತ್ತು. ನಾನು ಅಲ್ಲೇ ನಿಂತೆ. ಎತ್ತಿಕೊಂಡು ಹೊರಗೆ ತರಬಹುದಿತ್ತು. ಕಬ್ಬಿಣ ಎತ್ತುವ ತೋಳಿಗೆ ಆಕೆ ಎಷ್ಟರ ಭಾರ? ಆದರೆ ಆಕೆ ತನ್ನ ಜೀವ ಪಣಕ್ಕಿಟ್ಟು ಕಾಯುತ್ತಿದ್ದದ್ದು ನನ್ನನ್ನು. ಹಾಗೆ ಕೂತವಳ ಮೇಲೆ ಕೈ ಹಾಕುವುದು ಹೇಗೆ? ಅವಳ ಹೆದರಿಕೆ ಸುಳ್ಳು, ನನ್ನದು ಖರೆ ಅಂತ ಆಗ ನನಗೆ ಅನ್ನಿಸಲೇ ಇಲ್ಲ. ಎರಡೂ ಒಂದೇ ಕೋಣೆಯಲ್ಲಿ ಕೂತಿದ್ದವು.

ನಾನೂ ಆಕೆಯ ಬಾಜೂಕ್ಕೆ ಕೂತೆ.

“ಹೊರಗ ಹೋಗಂದ್ನೆಲ್ಲೋ!”

“ನೀ ಏಳೂತನ ನಾ ಏಳೂದಿಲ್ಲ.”

“ಹಟಮಾರಿ.”

“ಯಾರ ಮಗ?”

ಗದ್ದಲ ಕೇಳಿ ಬಂದು, ಬಾಗಿಲಲ್ಲಿ ನಿಂತು ಇಷ್ಟೂ ಕೇಳಿಸಿಕೊಂಡ ಮಾವಶಿ ಸಿಟ್ಟಿಗೆದ್ದಳು. “ತಾಯಿ ಮಗ ಇಬ್ಬರೂ ಸಾಯತೀರೇನು? ಅಕ್ಕಾ, ನಿಮ್ಮ ಘಟ್ಟ ಅಲುಗಬಾರದು, ಖರೇ. ದೀಪಕ್ಕ ಯಾರು ಬ್ಯಾಡ ಅಂದಾರ? ಏಳ್ರಿ, ತಗೊಂಡು ನಡೀರಿ. ನಮ್ಮ ದೇವರ ಮನ್ಯಾಗ ಜಾಗಾ ಐತಿ. ನಿಮ್ಮ ತಾಯಿ ಬ್ಯಾರೆ, ನಮ್ಮಾಕಿ ಬ್ಯಾರೆ ಏನು?”

ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ದೀಪ ಎತ್ತಿಕೊಂಡಳು. ಸೆರಗು ಮರೆ ಮಾಡಿ, ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವಳ ಹಾಗೆ ಹೆಜ್ಜೆ ಇಟ್ಟು ಮಾವಶಿಯ ಹಿಂದೆ ಹೋದಳು. ದೀಪ ಆರಲಿಲ್ಲ. ಮಾವಶಿಯ ಘಟ್ಟದ ಮುಂದೆ ಅವತ್ತಿನಿಂದ ಎರಡು ದೀಪ. ಮರಾಠಿಯಲ್ಲಿ ಒಂದು ಆರತಿ, ಕನ್ನಡದಲ್ಲಿ ಒಂದು. ಅವ್ವ ಹಗಲು ಬಂದು ನಮ್ಮ ಘಟ್ಟಕ್ಕೆ ನೀರು ಚಿಮುಕಿಸಿ, ಮತ್ತೆ ಹೋಗಿ ಅಲ್ಲೇ ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳು. “ನಿಮ್ಮ ಅವ್ವ ನನಗೂ ನಿದ್ದಿ ಮಾಡಗೊಡೂದಿಲ್ಲ, ಎದ್ದೆದ್ದು ಎಣ್ಣಿ ನೋಡತಾಳ” ಅಂತ ಮಾವಶಿ ದೂರು ಹೇಳಿದಳು. ದೂರಿನಲ್ಲಿ ಸಂತೋಷ ಇತ್ತು.

ಮರುದಿನ ಗವಂಡಿಯನ್ನು ಕರೆಸಿ ಹಾಸುಗಲ್ಲು ಎತ್ತಿದೆವು. ಮಣ್ಣು ಸರಿಸಿ, ಬಿಚ್ಚಿಟ್ಟ ಕೊಳವೆಯ ಬಾಯಿ ಮುಚ್ಚಿ, ಗುಮ್ಮಟದ ಮೇಲೆ ಸಾಬೂನು ನೀರು ಹೊಯ್ದೆವು. ಕಾರ್ಖಾನೆಯಲ್ಲಿ ಪಂಪಿನ ಕವಚ ನೋಡುವುದೂ ಹೀಗೆಯೇ. ಎಲ್ಲ ಕಡೆ ನೀರು ಸುಮ್ಮನೆ ಇಳಿದುಹೋಯಿತು. ಕೊಳವೆಯ ಕುತ್ತಿಗೆಯ ಹತ್ತಿರ ಮಾತ್ರ ಬುಳುಬುಳು ಗುಳ್ಳೆ ಎದ್ದವು. ಗವಂಡಿ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟ. ಸಿಮೆಂಟಿನ ಚಕ್ಕೆ ಕಳಚಿತು.

ಅವ್ವನ ಗಂಟು.

ಬಟ್ಟೆ ಕರಗಿ ನಾರಾಗಿತ್ತು. ತೇವ ತಾಗಿ ಧಾನ್ಯ ಉಬ್ಬಿದ್ದವು, ಉಬ್ಬಿ ಸಿಮೆಂಟಿನ ಗಿಲಾವು ಸೀಳಿದ್ದವು. ಆಮೇಲೆ ಕೊಳೆತು, ಇದ್ದ ಜಾಗ ಪೊಳ್ಳು ಮಾಡಿ ಹೋಗಿದ್ದವು. ಗ್ಯಾಸಿಗೆ ಅದೇ ಬಾಗಿಲು. ಪೊಳ್ಳಿನ ಅಂಚಿನಲ್ಲಿ ದಾರದಂಥ ಬಿಳಿ ಬೇರುಗಳು ಸಿಮೆಂಟಿಗೆ ಅಂಟಿಕೊಂಡು ಒಣಗಿದ್ದವು.

ಗವಂಡಿ ನನ್ನ ಮುಖ ನೋಡಿದ. ನಾನು ಈ ಸಲವೂ ಆಕಾಶ ನೋಡಿದೆ. ಬಿಲ್ಲೆ ತೆಗೆದು ಕಿಸೆಗೆ ಹಾಕಿಕೊಳ್ಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಏನದು? ತೋರಸು.”

ಮುಚ್ಚಿಡುವ ಆಸೆ ಇತ್ತು. ಮಗನನ್ನು ಕಾಯಲಿ ಅಂತ ಇಟ್ಟದ್ದೇ ಅವನ ಮನೆಗೆ ಉರಿ ತಂದಿತ್ತು ಅಂತ ಯಾವ ತಾಯಿಗೆ ಹೇಳಬೇಕು? ಆದರೆ ಆಕೆ ಬಗ್ಗಿ ಪೊಳ್ಳಿನೊಳಗೆ ಬೆರಳು ಹಾಕಿಯೇಬಿಟ್ಟಳು. ಒಣಗಿದ ಬೇರನ್ನು ಹಿಡಿದು ಬಹಳ ಹೊತ್ತು ನೋಡಿದಳು. ಅವಳಿಗೆ ತಿಳಿಯಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಕತ್ತಲದಾಗೂ ಮೊಳಕಿ ಒಡದಾವ ನೋಡು” ಅಂದಳು ಕಡೆಗೆ. ಗವಂಡಿಯ ಕಡೆ ತಿರುಗಿ, “ನೀ ಅವತ್ತ ಗಟ್ಟ್ಯಾಗಿ ಬ್ಯಾಡ ಅನಬೇಕಿಲ್ಲೋ?” ಅಂದಳು.

“ಅಂದಿದ್ದರ ಕೇಳತಿದ್ದಿರೇನರಿ?”

“ಇಲ್ಲ” ಅಂದಳು ಅವ್ವ. ಬಿಲ್ಲೆಯನ್ನು ನನ್ನ ಕೈಯಿಂದ ಇಸಿದುಕೊಂಡು ಸೆರಗಿನ ಚುಂಗಿಗೆ ಕಟ್ಟಿಕೊಂಡಳು. “ಮುಚ್ಚು. ಈ ಸಲ ಬರೇ ಸಿಮೆಂಟ ಹಾಕು.”

ಸಿಮೆಂಟು ಒಣಗಿತು. ಬಿಲದ ಬಾಯಿಗೆ ಜಲ್ಲಿ ಬಡಿದು ಮುಚ್ಚಿದೆವು. ಹಾಸುಗಲ್ಲು ಮತ್ತೆ ಹೊಂದಿಸಲಿಲ್ಲ. ನೆಲ ಉಸಿರಾಡಲಿ ಅಂತ ಬಿಟ್ಟೆ. ಹಬ್ಬದ ಕಡೆಯ ದಿನ ಸಂಜೆ ಅವ್ವ ದೀಪ ತೆಗೆದುಕೊಂಡು ಮಾವಶಿಯ ಮನೆಯಿಂದ ಹೊರಟಳು. ಬರುವಾಗಲೂ ಅದೇ ಸೆರಗು, ಅದೇ ಹೆಜ್ಜೆ. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಆಕೆ ಒಂದು ಕಾಲು ಹೊಸ್ತಿಲೊಳಗೆ ಇಟ್ಟಿದ್ದಳು. ಸ್ಟೇಶನ್ ಕಡೆಯಿಂದ ಒಂದು ಗಾಳಿ ಬಂತು.

ದೀಪ ಆರಿತು.

ಬತ್ತಿಯಿಂದ ಒಂದು ಎಳೆ ಹೊಗೆ ಎದ್ದು ಹೋಯಿತು. ಹಿಂದೆ ಬರುತ್ತಿದ್ದ ಮಾವಶಿ ಬಾಯಿಗೆ ಕೈ ಹಿಡಿದಳು. ಅವ್ವ ದೀಪ ನೋಡಲಿಲ್ಲ, ನನ್ನನ್ನು ನೋಡಿದಳು. ತಲೆಯಿಂದ ಕಾಲಿನ ತನಕ, ಸಂತೆಯಲ್ಲಿ ಎತ್ತು ನೋಡುವ ಹಾಗೆ. ನನಗೂ ಆ ಗಳಿಗೆ ಎದೆ ಹೊಡೆದುಕೊಂಡದ್ದು ಖರೆ. ಸಾಲಿ ಕಲಿತಿದ್ದರೆ ಹೊಡೆದುಕೊಳ್ಳುತ್ತಿರಲಿಲ್ಲವೋ ಏನೋ, ಗೊತ್ತಿಲ್ಲ.

“ನಿಂತೀಯಲ್ಲ ಗಟ್ಟಿ?” ಅಂದಳು.

“ನಿಂತೀನವ್ವ.”

ಆಮೇಲೆ ಉಸಿರು ಬಿಟ್ಟು, ದೇವರ ಮನೆಗೆ ನಡೆದು, ದೀಪವನ್ನು ಘಟ್ಟದ ಮುಂದೆ ಇಟ್ಟಳು.

“ಹಂಗಾರ ನೀನ ಹಚ್ಚು.”

ನಾನು ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದೆ. ಕಡ್ಡಿ ಕೊರೆಯುವಷ್ಟರಲ್ಲಿ ಅವ್ವ ನನ್ನ ಕೈ ಹಿಡಿದಳು.

“ತಡಿ. ಮೊದಲ ಮೂಸಿ ನೋಡು.”